ನನ್ನ ವಕಾಲತ್ತು ನಾನೇ ವಹಿಸಿದ್ದು

ಡಾಕ್ಟರ ಮುಂದೆ ಕೂತರೆ ನಾನು ಸುಳ್ಳು ಹೇಳುತ್ತೇನೆ. ದೊಡ್ಡ ಸುಳ್ಳೇನಲ್ಲ. ಅವರು "ಹೇಗಿದೀರಮ್ಮ?" ಎನ್ನುತ್ತಾರೆ. ನಾನು "ಚೆನ್ನಾಗಿದೀನಿ ಮೇಡಮ್, ನೀವು ಚೆನ್ನಾಗಿದೀರಾ? ತಿಂಡಿ ಆಯ್ತಾ?" ಎನ್ನುತ್ತೇನೆ. ಚೆನ್ನಾಗಿದ್ದಿದ್ದರೆ ಬೆಳಗಿನ ಕೆಲಸ ಬಿಟ್ಟು, ಟೋಕನ್ ಹಿಡಿದುಕೊಂಡು, ಆ ಫಿನಾಯಿಲ್ ವಾಸನೆಯಲ್ಲಿ ಇಷ್ಟು ಹೊತ್ತು ಯಾಕೆ ಕಾಯುತ್ತಿದ್ದೆ ಎಂದು ಅವರೂ ಕೇಳುವುದಿಲ್ಲ, ನಾನೂ ಯೋಚಿಸುವುದಿಲ್ಲ. ನಮ್ಮ ಕಡೆ "ಹೇಗಿದೀರಿ" ಎಂಬುದು ಪ್ರಶ್ನೆಯೇ ಅಲ್ಲ, ಅದೊಂದು ಮರ್ಯಾದೆ. ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿ ಮಲಗಿದವರನ್ನು ನೋಡಲು ಹೋದಾಗಲೂ ನಾವು "ಚೆನ್ನಾಗಿದೀರಾ?" ಎಂದೇ ಶುರುಮಾಡುತ್ತೇವೆ. ಅವರು ಕಾಲನ್ನು ದಿಂಬಿನ ಮೇಲೆ ಸರಿಮಾಡಿಕೊಳ್ಳುತ್ತ "ಹ್ಞೂಂ, ಚೆನ್ನಾಗಿದೀವಿ, ಬನ್ನಿ ಬನ್ನಿ, ಕಾಫಿ ಕುಡೀರಿ" ಎನ್ನುತ್ತಾರೆ. ಯಾರಿಗೂ ಇದರಿಂದ ನಷ್ಟವಿಲ್ಲ. ಆದರೆ ಡಾಕ್ಟರು ಮಾತ್ರ ಈ ಮರ್ಯಾದೆಯ ಮಾತನ್ನು ನಂಬಿ ಚೀಟಿಯ ಮೇಲೆ ಬರೆದುಕೊಂಡುಬಿಡುತ್ತಾರೆ.

ಇದನ್ನು ನಾನು ಹೇಳಿಕೊಳ್ಳುವುದು ನಾಚಿಕೆಗೇಡು. ಏಕೆಂದರೆ ಬಾಯಿಯೇ ನನ್ನ ಬಂಡವಾಳ. ದೊಡ್ಡಬಳ್ಳಾಪುರದ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಒಂದು ಪುಟ್ಟ ಅಂಗಡಿಯಲ್ಲಿ ಮೇಜು, ಕಂಪ್ಯೂಟರು ಇಟ್ಟುಕೊಂಡು ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಬರೆದುಕೊಡುವವಳು ನಾನು. ವಿಮಾನ ನಿಲ್ದಾಣ ಬಂದಮೇಲೆ ನಮ್ಮ ಸೀಮೆಯ ಜಮೀನಿಗೆ ಕಾಲು ಬಂದಿದೆ. ಇವತ್ತು ಒಬ್ಬರ ಹೆಸರಿನಲ್ಲಿ ಮಲಗಿದ್ದು ನಾಳೆ ಇನ್ನೊಬ್ಬರ ಹೆಸರಿನಲ್ಲಿ ಏಳುತ್ತದೆ. ಹಾಗೆ ಏಳುವಾಗ ಎಲ್ಲಿಯೂ ಎಡವದ ಹಾಗೆ ಬರೆಯುವುದು ನನ್ನ ಕಸುಬು. ಜಮೀನಿನ ನಾಲ್ಕು ದಿಕ್ಕಿಗೆ ಯಾರು ಯಾರು ಇದ್ದಾರೆ ಎಂದು ಬರೆಯುವುದಕ್ಕೆ ಚಕ್ಕುಬಂದಿ ಎನ್ನುತ್ತೇವೆ. ಅದರಲ್ಲಿ ನಾನು ಬಹಳ ಬಿಗಿ. "ಪೂರ್ವಕ್ಕೆ ಏನಿದೆ?" ಎಂದರೆ "ಅದೇ ಮೇಡಮ್, ನಮ್ಮ ಚಿಕ್ಕಪ್ಪಂದು" ಎನ್ನುತ್ತಾರೆ. "ಚಿಕ್ಕಪ್ಪಂಗೆ ಅವರಪ್ಪ ಹೆಸರಿಟ್ಟಿಲ್ವಾ?" ಎಂದು ನಾನು ಗದರುತ್ತೇನೆ. ದೊಡ್ಡ ದೊಡ್ಡ ಲೇಔಟಿನವರೂ ನನ್ನ ಮೇಜಿನ ಮುಂದೆ ಕೈಕಟ್ಟಿ ಕೂರುತ್ತಾರೆ. ಇಂಥವಳು ಡಾಕ್ಟರ ಸ್ಟೂಲಿನ ಮೇಲೆ ಕೂತ ತಕ್ಷಣ ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿ ಆಗಿಬಿಡುತ್ತೇನೆ.

ಸಂಗತಿ ಏನೆಂದರೆ, ನನಗೆ ತಿಂಗಳದು ನಿಂತಿತು. ನಿಂತರೆ ಹಾಯಾಗಿರುತ್ತದೆ ಎಂದು ಇಪ್ಪತ್ತು ವರ್ಷದಿಂದ ಕಾದಿದ್ದೆ. ದೇವಸ್ಥಾನಕ್ಕೆ ಹೋಗಲು ಪಂಚಾಂಗ ನೋಡಬೇಕಿಲ್ಲ, ಪ್ರಯಾಣಕ್ಕೆ ಬ್ಯಾಗಿನಲ್ಲಿ ಬಟ್ಟೆಯ ಅಡಿ ಏನನ್ನೂ ಬಚ್ಚಿಡಬೇಕಿಲ್ಲ ಎಂದೆಲ್ಲ ಲೆಕ್ಕ ಹಾಕಿದ್ದೆ. ಆದರೆ ಅದು ಹೋಗುವಾಗ ಸುಮ್ಮನೆ ಹೋಗಲಿಲ್ಲ. ಮನೆ ಖಾಲಿ ಮಾಡುವ ಬಾಡಿಗೆಯವರು ಸ್ವಿಚ್ಚು, ಬಲ್ಬು ಎಲ್ಲ ಕಿತ್ತುಕೊಂಡು ಹೋಗುತ್ತಾರಲ್ಲ, ಹಾಗೆ ನಿದ್ದೆ, ನೆನಪು, ಸಹನೆ ಎಲ್ಲವನ್ನೂ ಕಿತ್ತುಕೊಂಡು ಹೊರಟಿತು. ಕೂತಲ್ಲೇ ಇದ್ದಕ್ಕಿದ್ದಂತೆ ಕಿವಿಯ ಹಿಂದಿನಿಂದ ಧಗೆ ಏರುತ್ತದೆ. ಮುಖ ಕೆಂಪಗಾಗಿ, ಬೆನ್ನಿನ ಮೇಲೆ ಬೆವರು ಹರಿದು, ರವಿಕೆ ಅಂಟಿಕೊಳ್ಳುತ್ತದೆ. ಭಾನುವಾರ ಬೆಂಗಳೂರಿನ ಹುಡುಗರು ಮಾಕಳಿದುರ್ಗ ಹತ್ತಿ ಇಳಿದು ಏದುಸಿರು ಬಿಡುತ್ತ ಎಳನೀರು ಕುಡಿಯುವುದನ್ನು ನೋಡಿದ್ದೇನೆ. ನಾನು ಕುರ್ಚಿಯಿಂದ ಏಳದೆ ದಿನಕ್ಕೆ ಎಷ್ಟೋ ಸಲ ಆ ಬೆಟ್ಟ ಹತ್ತಿ ಇಳಿಯುತ್ತಿದ್ದೆ. ಎಳನೀರು ಮಾತ್ರ ಯಾರೂ ಕೊಡುತ್ತಿರಲಿಲ್ಲ.

ಇಲ್ಲೊಂದು ಅನ್ಯಾಯ ನನ್ನ ಮನಸ್ಸಿಗೆ ಬರುತ್ತದೆ. ತಿಂಗಳದು ಮೊದಲ ಸಲ ಶುರುವಾದಾಗ ಏನು ಗಲಾಟೆ! ಸೋದರಮಾವ ಹಸಿರು ಸೊಪ್ಪು ತಂದು ಮನೆಯ ಮೂಲೆಯಲ್ಲಿ ಗುಡ್ಲು ಹಾಕಿದ. ಬೀದಿಯ ಹೆಂಗಸರೆಲ್ಲ ಸಂಜೆಸಂಜೆ ಬಂದು ಆರತಿ ಎತ್ತಿ ಹಾಡಿದರು. ಚಿಗಳಿ ಉಂಡೆ, ಕೊಬ್ಬರಿ, ಬೆಲ್ಲ, ತುಪ್ಪ ತಿನ್ನಿಸಿ ತಿನ್ನಿಸಿ ನನಗೆ ಎಳ್ಳಿನ ವಾಸನೆ ಕಂಡರೆ ಓಡುವ ಹಾಗಾಯಿತು. ಕೊನೆಯ ದಿನ ಅಪ್ಪ ಮೈಕ್‌ಸೆಟ್ಟು ಹಾಕಿಸಿದ್ದರಿಂದ ನನ್ನ ಮೈಯ ಸಮಾಚಾರ ಬಸ್ ಸ್ಟಾಂಡಿನವರೆಗೂ ತಲುಪಿತ್ತು. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನ್ನಿಸಿತ್ತು. ಅದೇ ಮೈ ಇಷ್ಟು ವರ್ಷ ದುಡಿದು, ಹೆತ್ತು, ನಿವೃತ್ತಿ ತೆಗೆದುಕೊಂಡಾಗ ಒಬ್ಬರೂ ಒಂದು ಲೋಟ ಕಾಫಿ ಹಿಡಿದುಕೊಂಡು ಬರಲಿಲ್ಲ. ಸರ್ಕಾರಿ ಕಚೇರಿಯ ಜವಾನನಿಗೂ ನಿವೃತ್ತಿಯ ದಿನ ಒಂದು ಶಾಲು, ಒಂದು ಗಂಧದ ಹಾರ ಇರುತ್ತದೆ. ನನಗೆ ಸಿಕ್ಕಿದ್ದು ಓರಗಿತ್ತಿಯ ಒಂದು ಸಲಹೆ. "ಗರ್ಭಕೋಶ ತೆಗೆಸ್ಬಿಡಕ್ಕ, ರಗಳೆ ಇರಲ್ಲ" ಎಂದಳು. ನಮ್ಮ ಕಡೆ ಗರ್ಭಕೋಶವನ್ನು ತೆಗೆಸುವ ಮಾತನ್ನು ಹಳೇ ಅಟ್ಟ ಕೀಳಿಸುವಷ್ಟು ಸಲೀಸಾಗಿ ಆಡುತ್ತಾರೆ.

ಅಂತೂ ಡಾಕ್ಟರ ಹತ್ತಿರ ಹೋದೆ ಎಂದುಕೊಳ್ಳಿ. ಹೋದೆ ಎಂದರೆ ನಾವಿಬ್ಬರೂ ಹೋದೆವು. ನಮ್ಮ ಯಜಮಾನರು ಸೋಂಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು, ಬಹಳ ಒಳ್ಳೆಯ ಮನುಷ್ಯ. ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಟೋಕನ್ ತೆಗೆಸಿ, ಫ್ಯಾನಿನ ಕೆಳಗೆ ಜಾಗ ಹಿಡಿದು, ಸರದಿ ಬಂದಾಗ ಒಳಗೆ ಬಂದು, ನನ್ನ ಬದಲು ಮಾತನ್ನೂ ಆಡಿಬಿಡುತ್ತಾರೆ.

"ಸುಸ್ತು ಅಂತಾಳೆ ಮೇಡಮ್. ಸರಿಯಾಗಿ ನಿದ್ದೆ ಮಾಡಲ್ಲ. ಕೋಪ ಮಾತ್ರ ಜಾಸ್ತಿ ಆಗ್ಬಿಟ್ಟಿದೆ, ಅದಕ್ಕೇನಾದ್ರೂ ಕೊಡ್ತೀರಾ?"

ನನ್ನ ಕಾಯಿಲೆಯಲ್ಲಿ ಅವರ ಮೈಗೆ ತಾಗಿದ್ದು ಕೋಪ ಒಂದೇ. ಪಾಪ, ತಮಗೆ ಕಂಡಿದ್ದನ್ನು ಹೇಳಿದರು. ಡಾಕ್ಟರು ನನ್ನ ಕಡೆ ತಿರುಗಿ "ಹೌದೇನಮ್ಮ, ಈಗ ಹೇಗಿದೀರಿ?" ಎಂದರು. ನಾನು ಏನೆಂದೆ ಎಂದು ಮತ್ತೆ ಹೇಳಬೇಕಿಲ್ಲ. ಕ್ಯಾಲ್ಸಿಯಂ ಮಾತ್ರೆ ಬರೆದರು. ಬಾಗಿಲವರೆಗೆ ಬಂದ ನಮ್ಮ ಯಜಮಾನರು ಏನೋ ಜ್ಞಾಪಿಸಿಕೊಂಡು ಹಿಂದೆ ಹೋಗಿ "ಮೇಡಮ್, ನಂಗೆ ಊಟ ಆದ್ಮೇಲೆ ಎದೆ ಉರಿ" ಎಂದರು. ಅವರನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿ, ಏನು ತಿನ್ನುತ್ತೀರಿ, ಯಾವಾಗಿನಿಂದ, ಉರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದೆಲ್ಲ ವಿಚಾರಿಸಿ ಔಷಧ ಕೊಟ್ಟರು. ಹೆರಿಗೆ ಡಾಕ್ಟರ ಹತ್ತಿರ ಹೋಗಿ ಗ್ಯಾಸ್ಟ್ರಿಕ್ ವಾಸಿಮಾಡಿಕೊಂಡು ಬಂದ ಗಂಡಸು ತಾಲ್ಲೂಕಿನಲ್ಲಿ ಇವರೊಬ್ಬರೇ ಇರಬೇಕು. ಅದೂ ಒಂದೇ ವಾರದಲ್ಲಿ ವಾಸಿಯಾಯಿತು. ಕೇಳುವ ಬಾಯಿಗೆ ಔಷಧ ಸಿಗುತ್ತದೆ ಎಂಬುದಕ್ಕೆ ಸಾಕ್ಷಿ ಪಕ್ಕದಲ್ಲೇ ಸ್ಕೂಟರ್ ಓಡಿಸುತ್ತಿದ್ದರೂ ನನ್ನ ತಲೆಗೆ ಹೋಗಲಿಲ್ಲ.

ನನ್ನ ಬಾಯಿ ಕಟ್ಟಿಹಾಕಲು ಇನ್ನೊಂದು ಕಾರಣವೂ ಇತ್ತು. ಅದು ಬೆಂಚು. ನಮ್ಮ ಊರಿನ ನರ್ಸಿಂಗ್ ಹೋಮುಗಳನ್ನು ನೋಡದವರಿಗೆ ಇದು ಅರ್ಥವಾಗುವುದಿಲ್ಲ. ಡಾಕ್ಟರ ಹೊತ್ತು ಹಾಳಾಗಬಾರದೆಂದು ಮುಂದಿನ ಇಬ್ಬರು ಮೂವರನ್ನು ಮೊದಲೇ ಒಳಗೆ ಕರೆದು ಗೋಡೆ ಪಕ್ಕದ ಬೆಂಚಿನ ಮೇಲೆ ಕೂರಿಸಿರುತ್ತಾರೆ. ನೀವು ನಿಮ್ಮ ಗುಟ್ಟು ಹೇಳಿಕೊಳ್ಳಬೇಕು, ಅವರು ಗೋಡೆಯ ಮೇಲಿನ ಮಗುವಿನ ಕ್ಯಾಲೆಂಡರ್ ನೋಡುವ ಹಾಗೆ ನಟಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳಬೇಕು. ಅದರಲ್ಲೂ ನಮ್ಮದು ಚಿಕ್ಕ ಊರು. ಆ ಬೆಂಚಿನ ಮೇಲೆ ಕೂತವರು ನಾಳೆ ನನ್ನ ಮೇಜಿನ ಮುಂದೆ ಕ್ರಯಪತ್ರಕ್ಕೆ ಬಂದು ಕೂರುವವರು. ಅವರ ಎದುರಿಗೆ ನಾನು ಯಾವುದು ಒಣಗಿದೆ, ಯಾವುದು ಉರಿಯುತ್ತದೆ ಎಂದು ಹೇಳಲೆ? ಹೀಗಾಗಿ ಪ್ರತಿ ಸಲವೂ ಹೋದೆವು, ಚೆನ್ನಾಗಿದೀನಿ ಎಂದೆ, ಕ್ಯಾಲ್ಸಿಯಂ ತಂದೆವು. ನನ್ನ ಮೂಳೆಗಳು ಕಗ್ಗಲ್ಲಾಗುತ್ತ ಹೋದವು, ನಾನು ಮಾತ್ರ ಮೆತ್ತಗಾಗುತ್ತ ಬಂದೆ.

ಆಮೇಲೆ ಆದದ್ದು ನಗುವ ವಿಷಯವಲ್ಲ. ಒಂದು ವಿಭಾಗಪತ್ರದಲ್ಲಿ ಪೂರ್ವಕ್ಕಿದ್ದ ಬಂಡಿದಾರಿಯನ್ನು ಪಶ್ಚಿಮಕ್ಕೆ ಬರೆದುಬಿಟ್ಟೆ. ರುಜು ಹಾಕುವ ಮೊದಲು ಪಾರ್ಟಿಯವರೇ ಓದಿ ನೋಡಿದರು, ಸದ್ಯ. ಇಲ್ಲದಿದ್ದರೆ ಅಣ್ಣ ತನ್ನ ಹೊಲಕ್ಕೆ ತಮ್ಮನ ಹೊಲ ಹಾರಿ ಹೋಗಬೇಕಿತ್ತು, ಅವರ ಮೊಮ್ಮಕ್ಕಳವರೆಗೂ ಕೋರ್ಟು. "ಇರ್ಲಿ ಬಿಡಿ ಮೇಡಮ್, ಮನುಷ್ಯರು ತಾನೇ" ಎಂದರು ಅವರು. ಆ ಮಾತೇ ಚುಚ್ಚಿತು. ನನ್ನ ಹತ್ತಿರ ಜನ ಬರುತ್ತಿದ್ದದ್ದು ನಾನು ತಪ್ಪು ಮಾಡುವುದಿಲ್ಲ ಎಂದು. ರಾತ್ರಿ ಪೂರ್ತಿ ಕಣ್ಣು ಬಿಟ್ಟುಕೊಂಡು ಮಲಗಿದವಳಿಗೆ ಹಗಲಿನಲ್ಲಿ ಪೂರ್ವವೂ ಒಂದೇ, ಪಶ್ಚಿಮವೂ ಒಂದೇ. ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರು "ಸಾಕು ಬಿಡು ಸುಮಿತ್ರ, ಎಷ್ಟು ದಿನ ಅಂತ ಮಾಡ್ತೀಯ? ಅಂಗಡಿ ಬಾಡಿಗೆಗೆ ಕೊಟ್ಬಿಡೋಣ, ಆರಾಮಾಗಿ ಮನೇಲಿರು" ಎಂದರು. ಪ್ರೀತಿಯಿಂದಲೇ ಅಂದರು. ಆದರೆ ಆ ಮೇಜು ನಾನು ಇಪ್ಪತ್ತೈದರ ವಯಸ್ಸಿನಲ್ಲಿ, ಹೆಂಗಸಿನ ಹತ್ತಿರ ಯಾರು ಪತ್ರ ಬರೆಸುತ್ತಾರೆ ಎಂದು ಆಡಿಕೊಂಡವರ ನಡುವೆ ಹಾಕಿದ ಮೇಜು. ಅದನ್ನು ಬಿಟ್ಟು ಮನೆಯಲ್ಲಿ ಕೂತರೆ ನಾನು ಯಾರು? ಅವತ್ತು ನನಗೆ ನಿಜವಾಗಿ ಭಯವಾಯಿತು.

ಆ ವಾರವೇ ಕುಂದಾಣದ ಕಡೆಯ ಇಬ್ಬರು ಅಣ್ಣಂದಿರು ತಮ್ಮ ತಂಗಿ ನಾಗರತ್ನಳನ್ನು ಕರೆದುಕೊಂಡು ಬಂದರು. ಅಪ್ಪನ ಜಮೀನಿನಲ್ಲಿ ತನಗೆ ಪಾಲು ಬೇಡ ಎಂದು ಆಕೆ ಹಕ್ಕು ಖುಲಾಸೆ ಪತ್ರ ಬರೆದುಕೊಡಬೇಕಂತೆ. ಇಂಥ ಪತ್ರಗಳಲ್ಲಿ ನನ್ನದೊಂದು ಪದ್ಧತಿ ಇದೆ. "ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ" ಎಂದು ಬರೆಯಬೇಕಾದವಳು ನಾನು. ಸಂತೋಷ ಇದೆಯೋ ಇಲ್ಲವೋ ಎಂದು ಕೇಳದೆ ಬರೆಯುವುದಿಲ್ಲ. ಆದ್ದರಿಂದ ಅಣ್ಣಂದಿರನ್ನು ಟೀ ಕುಡಿಯಲು ಹೊರಗೆ ಕಳಿಸಿ, ಹೆಣ್ಣುಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳುತ್ತೇನೆ.

"ಹೇಳಮ್ಮ, ನಿಂಗೆ ಪಾಲು ಬೇಡ್ವಾ?"

"ಅಣ್ಣ ಎಂಗೇಳ್ತಾನೋ ಅಂಗೆ ಮೇಡಮ್."

"ಅಣ್ಣ ಹೇಳಿದ್ದು ಕೇಳಿಸ್ಕೊಂಡೆ. ನಿಂದು ಹೇಳು. ನಿನ್ನ ಬಾಯಲ್ಲಿ ಏನು ಅವಲಕ್ಕಿ ಇದೆಯಾ? ನಿನ್ನ ವಿಷಯ ನೀನು ಹೇಳ್ದೆ ಇನ್ಯಾರು ಹೇಳ್ಬೇಕು?"

ಹೀಗೆ ನಾನು ಅಬ್ಬರಿಸುತ್ತಿರುವಾಗಲೇ ಧಗೆ ಏರಿತು. ಮಾತು ನಿಲ್ಲಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು, ಯಾವುದೋ ಸರ್ವೆ ಸ್ಕೆಚ್ಚನ್ನು ಬೀಸಣಿಗೆ ಮಾಡಿಕೊಂಡೆ. ನಾಗರತ್ನ ಗಾಬರಿಯಿಂದ ನೋಡಿದಳು.

"ಯಾಕ್ ಮೇಡಮ್, ಇಂಗ್ ಬೆವುರ್ತಿದೀರಾ? ಆಸ್ಪತ್ರೆಗೆ ತೋರ್ಸ್ಲಿಲ್ವಾ?"

"ತೋರಿಸ್ತಾ ಇದೀನಿ."

"ಇಂಗಾಯ್ತದೆ ಅಂತ ಯೋಳಿದ್ರಾ?"

"ನಮ್ಮ ಮನೆಯವರು ಹೇಳಿದ್ರು" ಎಂದೆ.

ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ನಾಗರತ್ನ ತಲೆ ಬಗ್ಗಿಸಿ ನಗು ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ನಾನೂ ನಕ್ಕುಬಿಟ್ಟೆ. ನಕ್ಕು ನಕ್ಕು ಸುಸ್ತಾದಮೇಲೆ ಆಕೆ ಕಣ್ಣೊರೆಸಿಕೊಂಡು, "ನಂಗೆ ಪಾಲು ಬೇಕು ಮೇಡಮ್" ಎಂದಳು. ಅವತ್ತು ಪತ್ರ ಬರೆಯಲಿಲ್ಲ. ಅಣ್ಣಂದಿರು ನನ್ನನ್ನು ಏನೇನು ಬೈದುಕೊಂಡು ಹೋದರೋ, ದೇವರಿಗೇ ಗೊತ್ತು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಎಲ್ಲವೂ ಎಂದಿನಂತೆಯೇ ಇತ್ತು. ಬೆಂಚಿನ ಮೇಲೆ ನನ್ನ ವಯಸ್ಸಿನ ಒಬ್ಬಳು, ಅವಳ ಪಕ್ಕದಲ್ಲಿ ಮಂಡಿ ನೀವಿಕೊಳ್ಳುತ್ತ ಒಬ್ಬ ಅಜ್ಜಿ. ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು "ಅದೇ ಮೇಡಮ್, ಸುಸ್ತು..." ಎಂದು ಶುರುಮಾಡಿದರು.

"ರೀ, ನೀವು ಹೋಗಿ ಒಂದು ಟೀ ಕುಡ್ಕೊಂಡ್ ಬನ್ನಿ."

"ಟೀ ಈಗ್ ತಾನೇ ಆಯ್ತಲ್ಲೇ!"

"ಇನ್ನೊಂದು ಕುಡೀರಿ."

ಅವರು ನನ್ನನ್ನು, ಡಾಕ್ಟರನ್ನು, ಬೆಂಚನ್ನು ನೋಡಿ, ಹೆಲ್ಮೆಟ್ಟು ಎತ್ತಿಕೊಂಡು ಹೊರಗೆ ಹೋದರು. ಡಾಕ್ಟರು ತಲೆ ಎತ್ತದೆ "ಹೇಗಿದೀರಮ್ಮ?" ಎಂದರು.

"ಚೆನ್ನಾಗಿಲ್ಲ ಮೇಡಮ್" ಎಂದೆ. ಎಷ್ಟು ಕಷ್ಟವಾಯಿತು ಗೊತ್ತೆ, ಆ ಎರಡು ಮಾತಿಗೆ? ಯಾರದೋ ಮನೆಗೆ ಊಟಕ್ಕೆ ಹೋಗಿ ಸಾರು ಚೆನ್ನಾಗಿಲ್ಲ ಎಂದ ಹಾಗೆ. ಬೆಂಚಿನ ಕಡೆಯಿಂದ ಕ್ಯಾಲೆಂಡರ್ ನೋಡುವುದು ನಿಂತಿತು. ನನ್ನ ದನಿ ತಾನಾಗಿ ಇಳಿಯಿತು, ಪಿಸುಮಾತಾಯಿತು. ಡಾಕ್ಟರು "ಆ? ಜೋರಾಗಿ ಹೇಳಿ" ಎಂದರು. ಆಗ ನನಗೇ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ, ಬಂತು. ಪತ್ರ ಓದಿಹೇಳುವ ದನಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿದೆ. ಧಗೆ ಯಾವಾಗಿನಿಂದ, ಹೇಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ. ನಿದ್ದೆ ಹೇಗೆ ಹೋಯಿತು. ಪೂರ್ವ ಪಶ್ಚಿಮ ಹೇಗೆ ಅದಲುಬದಲಾಯಿತು. ಕೆಳಗೆ ಒಣಗಿ ಉರಿಯುವುದರಿಂದ ಗಂಡ ಪಕ್ಕಕ್ಕೆ ಬಂದರೆ ಗೋಡೆ ಕಡೆ ಯಾಕೆ ತಿರುಗುತ್ತೇನೆ ಎಂಬುದನ್ನೂ ಹೇಳಿದೆ. ಅದನ್ನು ಹೇಳುವಾಗ ಮಾತ್ರ ಕಣ್ಣು ಮುಚ್ಚಿಕೊಂಡಿದ್ದೆ.

ಡಾಕ್ಟರು "ಈ ವಯಸ್ಸಿಗೆ ಇದೆಲ್ಲ ಸಹಜ ಅಲ್ವೇನಮ್ಮ" ಎಂದರು.

"ಸಹಜ ಅಂತ ನಂಗೂ ಗೊತ್ತು ಮೇಡಮ್. ಹೆರಿಗೇನೂ ಸಹಜಾನೇ. ನೋವು ಅಂತ ಬಂದವಳಿಗೆ ಸಹಜ ಅಂತ ಹೇಳಿ, ಕ್ಯಾಲ್ಸಿಯಂ ಕೊಟ್ಟು ಮನೆಗೆ ಕಳಿಸ್ತೀರಾ?"

ಬಾಯಿಂದ ಬಂದ ಮೇಲೆ ಹೆದರಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಹಳೆಯ ಚೀಟಿಗಳನ್ನು ತಿರುವಿಹಾಕಿ, "ನೋಡಿ, ಇಲ್ಲಿ ಚೆನ್ನಾಗಿದಾರೆ ಅಂತ ಬರೆದಿದೀನಿ. ಇಲ್ಲೂ ಚೆನ್ನಾಗಿದಾರೆ. ಇಲ್ಲೂ. ನೀವು ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?" ಎಂದರು. ನ್ಯಾಯವಾದ ಮಾತೇ. ಬಾಯಿಬಿಟ್ಟು ಕೇಳದ ಅವರೂ, ಬಾಯಿಬಿಟ್ಟು ಹೇಳದ ನಾನೂ ಮರ್ಯಾದೆಯಿಂದ ಇಷ್ಟು ಕಾಲ ಕಳೆದಿದ್ದೆವು.

"ಹಾರ್ಮೋನ್ ಔಷಧಿ ಅಂತ ಇದೆಯಂತಲ್ಲ, ಅದು ನಂಗೆ ಆಗುತ್ತಾ ಮೇಡಮ್? ಕ್ಯಾನ್ಸರ್ ಬರುತ್ತೆ ಅಂತ ಹೆದರಿಸ್ತಾರೆ. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಬಿಡಿಸಿ ಹೇಳ್ಬಿಡಿ."

ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದಿದೆಯೇ, ನಿಂತಮೇಲೆ ಮತ್ತೆ ರಕ್ತ ಕಂಡಿದೆಯೇ ಎಂದು ಒಂದೊಂದಾಗಿ ಕೇಳಿದರು. ಬಿ.ಪಿ. ನೋಡಿದರು, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬರೆದರು. ಎಲ್ಲರಿಗೂ ಆಗುವುದಿಲ್ಲ, ಆಗುವವರಿಗೆ ಇದರಿಂದ ಗುಣವಿದೆ, ಅಪಾಯ ಇಂತಿಂಥದ್ದಿದೆ, ಆಗದವರಿಗೆ ಬೇರೆ ಔಷಧಗಳಿವೆ ಎಂದು ಬಿಡಿಸಿ ಹೇಳಿದರು. ಯಜಮಾನರ ಎದೆ ಉರಿಗೆ ಅಲ್ಲ, ನನಗೆ, ಮೊದಲ ಸಲ ಅಷ್ಟು ಪ್ರಶ್ನೆಗಳು ಬಿದ್ದವು.

ಮುಂದಿನ ಕಥೆ ಚಿಕ್ಕದು. ಪರೀಕ್ಷೆಗಳಾದವು, ಅಡ್ಡಿಯಿಲ್ಲ ಎಂದು ಔಷಧ ಶುರುವಾಯಿತು. ಎಲ್ಲ ಮಂಗಮಾಯವಾಯಿತು ಎಂದರೆ ನೀವು ನಂಬಬೇಡಿ. ಧಗೆ ಈಗಲೂ ಒಮ್ಮೊಮ್ಮೆ ಹಳೇ ನೆಂಟರ ಹಾಗೆ ಬಂದು ಹೋಗುತ್ತದೆ, ಆದರೆ ಉಳಿದುಕೊಳ್ಳುವುದಿಲ್ಲ. ನಿದ್ದೆ ಬರುತ್ತದೆ. ಬಂಡಿದಾರಿಗಳು ಪೂರ್ವದಲ್ಲೇ ಇವೆ. ಅಂಗಡಿ ಬಾಡಿಗೆಗೆ ಕೊಡುವ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿಲ್ಲ. ಅವತ್ತು ನಮ್ಮ ಯಜಮಾನರು ಎರಡನೆಯ ಟೀ ಕುಡಿದು ಬಂದು, "ಏನಂದ್ರು?" ಎಂದು ಕೇಳಿದರು. ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಹೇಳಿದೆ. ಗೋಡೆ ಕಡೆ ತಿರುಗುವ ವಿಷಯ ಬಂದಾಗ ಗಾಡಿ ನಿಲ್ಲಿಸಿ, "ನಾನು ಬೇರೆ ಏನೋ ಅಂದ್ಕೊಂಡಿದ್ದೆ ಕಣೆ" ಎಂದರು. ಅಷ್ಟೇ ಅಂದಿದ್ದು. ಅವರೂ ಅದನ್ನು ಎಷ್ಟು ದಿನದಿಂದ ಒಳಗಿಟ್ಟುಕೊಂಡಿದ್ದರೋ ಎಂದು ಪಾಪ ಅನ್ನಿಸಿತು.

ಆದರೆ ನಾನು ನಿಮಗೆ ಹೇಳಬೇಕೆಂದಿದ್ದು ಇದಲ್ಲ, ಅವತ್ತು ನಾನು ಸ್ಟೂಲಿನಿಂದ ಎದ್ದಮೇಲೆ ನಡೆದದ್ದು. ಚೀಟಿ ಮಡಿಚಿಕೊಂಡು ಹೊರಡುವಾಗ ಬೆಂಚಿನ ಮೇಲಿದ್ದವಳು ನನ್ನ ಜಾಗಕ್ಕೆ ಬಂದು ಕೂತಳು. ಬಿ.ಪಿ. ತೋರಿಸಲು ಬಂದಿದ್ದವಳಂತೆ. ಡಾಕ್ಟರು ಕೈಗೆ ಪಟ್ಟಿ ಸುತ್ತುತ್ತಿರುವಾಗಲೇ, "ಈಯಮ್ಮ ಯೋಳಿದ್ರಲ್ಲ ಮೇಡಮ್, ನಂದೂ ಅದೇಯ. ಎಲ್ಲಾನೂ. ಆ ಕಡೇದೂವೆ" ಎಂದಳು. ಹೇಳಿ ನನ್ನ ಕಡೆ ನೋಡಿ ನಕ್ಕಳು. ನನಗೆ ಹೋಗಲು ಮನಸ್ಸಾಗದೆ ಬಾಗಿಲ ಹತ್ತಿರ ನಿಂತೆ.

ಆಗ ಮಂಡಿನೋವಿನ ಅಜ್ಜಿ ಬೆಂಚಿನಿಂದಲೇ ಕೈ ಎತ್ತಿದರು.

"ತಾಯಿ, ನಂದು ನಿಂತೋಗಿ ಯಾವ ಕಾಲ್ವೋ ಆಯ್ತು. ಈಗ ಯೋಳ್ಬೋದಾ?"

"ಹೇಳಿ ಅಜ್ಜಿ. ಆದ್ರೆ ಈಗ ಅದಕ್ಕೆ ಔಷಧಿ ಏನೂ ಬೇಕಾಗಲ್ಲ" ಎಂದರು ಡಾಕ್ಟರು.

"ಔಸ್ದಿ ಯಾರಿಗ್ ಬೇಕು! ಮೈಯೆಲ್ಲ ಉರೀತದೆ ಅಂತ ಸರೊತ್ನಾಗೆದ್ದು ಬಾವಿಕಟ್ಟೆ ಮ್ಯಾಲೆ ಓಗಿ ಕುಂತ್ಕತಿದ್ದೆ. ದೆವ್ವ ಮೆಟ್ಕಂಡೈತೆ ಅಂತ ಬೇವಿನ್ ಸೊಪ್ಪಲ್ಲಿ ಒಡ್ಸುದ್ರು. ನಮ್ ಮನ್ಯಾಗೆ ಇವತ್ಗೂ ಅಂಗೇ ಅಂತಾರೆ. ಅದು ದೆವ್ವ ಅಲ್ಲ ಅಂತ ಒಂದು ಚೀಟಿ ಬರ್ಕೊಡವ್ವ."

ನಾನು ಬಾಗಿಲ ಹಿಡಿ ಹಿಡಿದುಕೊಂಡು ನಿಂತೇ ಇದ್ದೆ. ಬಿ.ಪಿ.ಯವಳು ನಗುತ್ತಿದ್ದ ಬಾಯಿ ಮುಚ್ಚಿದಳು. ಡಾಕ್ಟರು ಅವಳ ಕೈಯ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟು, ಚೀಟಿಯ ಪುಸ್ತಕ ಎಳೆದುಕೊಂಡು, "ನಿಮ್ಮ ಹೆಸರು ಹೇಳಿ ಅಜ್ಜಿ" ಎಂದರು.